ಕನ್ನಿಸ್ವಾಮಿಯ ಮೊದಲ ಗಡ್ಡ: 41 ದಿನಗಳಲ್ಲಿ ತಿಳಿದಿರಬೇಕಾದದ್ದು

ಕಾಸರಗೋಡು: ನವೆಂಬರ್ ನಡುವಿನಲ್ಲಿ ವೃಶ್ಚಿಕ ಸಂಕ್ರಮಣ ಬಂತೆಂದರೆ ಮಂಜೇಶ್ವರದಿಂದ ಮುಳ್ಳೇರಿಯದ ತನಕ ಗಡ್ಡಧಾರಿಗಳ ಸಂಖ್ಯೆ ಒಮ್ಮೆಲೇ ಏರುತ್ತದೆ. ಶಬರಿಮಲೆಗೆ ಮಾಲೆ ಹಾಕಿದವರು ವ್ರತ ಮುಗಿಯುವವರೆಗೆ ಕ್ಷೌರ ಮಾಡಿಸುವುದಿಲ್ಲ. ಇವರಲ್ಲಿ 18-20ರ ಪ್ರಾಯದ ಅನೇಕ ಕನ್ನಿಸ್ವಾಮಿಗಳಿಗೆ ಇದು ಮೊದಲ ಯಾತ್ರೆಯೂ ಹೌದು, ಮೊದಲ ಗಡ್ಡವೂ ಹೌದು. ಹೆಂಡತಿ ಗರ್ಭಿಣಿಯಾಗಿರುವಾಗ ಗಡ್ಡ ತೆಗೆಯದ ಕ್ರಮ ಕೆಲವು ಮನೆಗಳಲ್ಲಿದೆ. ಮುಸ್ಲಿಂ ಯುವಕರಲ್ಲಿ ಸುನ್ನತ್ ಎಂದು ಬಿಡುವವರಿದ್ದಾರೆ. ಸಿನಿಮಾ ನೋಡಿ ಬಿಡುವವರಿಗಂತೂ ಮಾಸವೂ ಇಲ್ಲ, ಮುಹೂರ್ತವೂ ಇಲ್ಲ. (ಯಕ್ಷಗಾನದ ಸ್ತ್ರೀವೇಷಧಾರಿಗಳಿಗೆ ಮಾತ್ರ ಈ ಭಾಗ್ಯವಿಲ್ಲ.) ಕಾರಣ ಯಾವುದೇ ಇರಲಿ, ಮೊದಲ ಒಂದೂವರೆ ತಿಂಗಳ ಕಷ್ಟ ಎಲ್ಲರಿಗೂ ಒಂದೇ.

ಗಡ್ಡ ದಿನಕ್ಕೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಬೆಳೆಯುತ್ತದೆ. 41 ದಿನದ ವ್ರತಕ್ಕೆ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಆದೀತು. ಮೊದಲ ಎರಡು ಮೂರು ವಾರ ತುರಿಕೆ ಇರುತ್ತದೆ. ಬ್ಲೇಡು ತಾಗಿದ ಕೂದಲಿನ ತುದಿ ಮೊನಚಾಗಿದ್ದು ಚರ್ಮವನ್ನು ಚುಚ್ಚುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಗಡ್ಡದ ಆಸೆ ಬಿಟ್ಟು ಸೆಲೂನಿಗೆ ಓಡುವುದು ಇದೇ ಹೊತ್ತಿನಲ್ಲಿ. ಮಾಲೆ ಹಾಕಿದವನು ಹಾಗೆ ಓಡುವಂತಿಲ್ಲ, ಅದರಿಂದ ಅವನ ಗಡ್ಡ ಈ ಹಂತ ದಾಟುತ್ತದೆ. ನಾಲ್ಕು ವಾರ ಕತ್ತರಿ ಹಾಕದೆ ಬಿಟ್ಟರೆ ಮಾತ್ರ ಯಾರ ಗಡ್ಡ ಹೇಗಿದೆ ಎಂಬುದು ತಿಳಿಯುತ್ತದೆ.

ಮಲಯಾಳದಲ್ಲಿ ಗದ್ದಕ್ಕೂ ಗಡ್ಡಕ್ಕೂ 'ತಾಡಿ' ಎಂಬ ಒಂದೇ ಮಾತು. ಹದಿಹರೆಯ ದಾಟಿದ ಹುಡುಗರ ವಿಷಯದಲ್ಲಿ ಅದು ಸರಿಯೇ. ಹಲವರಿಗೆ ಗದ್ದದಲ್ಲಿ ದಟ್ಟವಾಗಿ ಬಂದರೂ ಕೆನ್ನೆ ಖಾಲಿಯಾಗಿ ಕಾಣುತ್ತದೆ. ಭಜನಾ ಮಂದಿರದಲ್ಲಿ, ಕಾಲೇಜು ಬಸ್ಸಿನಲ್ಲಿ ತಮಾಷೆ ಶುರುವಾಗುವುದು ಇಲ್ಲಿಂದ. ಗಡ್ಡ ಬೆಳೆಯುವುದು ಗಂಡಿನ ಹಾರ್ಮೋನಿನಿಂದಲೇ. ಆದರೆ ಆ ಹಾರ್ಮೋನಿಗೆ ಕೂದಲಿನ ಬುಡ ಎಷ್ಟು ಸ್ಪಂದಿಸುತ್ತದೆ ಎಂಬುದು ವಂಶದಿಂದ ಬಂದದ್ದು. ತಂದೆಯ, ಸೋದರಮಾವನ ಮುಖ ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ಕೆನ್ನೆ ತುಂಬಲು 25 ದಾಟುವುದೂ ಉಂಟು. ವಿರಳ ಗಡ್ಡಕ್ಕೂ ಗಂಡಸುತನಕ್ಕೂ ಸಂಬಂಧ ಕಲ್ಪಿಸುವುದು ಶುದ್ಧ ಅಜ್ಞಾನ.

ಈ ನಾಚಿಕೆಯನ್ನೇ ನಂಬಿ ವ್ಯಾಪಾರ ನಡೆಯುತ್ತಿದೆ. ಪದೇ ಪದೇ ಬೋಳಿಸಿದರೆ ಗಡ್ಡ ದಪ್ಪವಾಗುತ್ತದೆ ಎಂಬುದು ಸುಳ್ಳು. ಕತ್ತರಿಸಿದ ತುದಿ ಒರಟಾಗಿ ಕಾಣುತ್ತದೆ, ಅಷ್ಟೇ. ಗಡ್ಡದ ಎಣ್ಣೆ ಕೂದಲನ್ನು ಮೆತ್ತಗೆ ಮಾಡೀತು, ಇಲ್ಲದ ಕೂದಲನ್ನು ಹುಟ್ಟಿಸದು. ತೆಂಗಿನೆಣ್ಣೆಯೂ ಹಾಗೆಯೇ, ಮೊಡವೆ ಇರುವ ಮುಖಕ್ಕೆ ಅದನ್ನು ಹಚ್ಚದಿರುವುದು ಒಳ್ಳೆಯದು. ಮಿನಾಕ್ಸಿಡಿಲ್ ಎಂಬ ದ್ರಾವಣ ತಲೆಕೂದಲು ಉದುರುವುದಕ್ಕಿರುವ ಔಷಧಿ. ಅದನ್ನು ಗಡ್ಡಕ್ಕೆ ಹಚ್ಚುವ ಹುಡುಗರಿದ್ದಾರೆ. ಚರ್ಮ ಉರಿಯುವುದು, ತಲೆಸುತ್ತು, ಎದೆಬಡಿತ ಏರುವುದು ಇದರಿಂದ ಆಗಬಹುದಾದ ತೊಂದರೆಗಳು. ಚರ್ಮವೈದ್ಯರನ್ನು ಕೇಳದೆ ಅದರ ಬಳಿ ಹೋಗಬಾರದು.

ಕರಾವಳಿಯ ಸೆಕೆಯಲ್ಲಿ ಗಡ್ಡಕ್ಕೆ ದೊಡ್ಡ ಶತ್ರು ತೇವ. ವ್ರತದವರು ಬೆಳಗ್ಗೆ, ಸಂಜೆ ಎರಡು ಹೊತ್ತು ಮೀಯುತ್ತಾರೆ. ಮಿಂದ ಮೇಲೆ ಗಡ್ಡದ ಬುಡ ಒಣಗುವಂತೆ ಒರೆಸಬೇಕು, ಅದೂ ಸ್ವಂತ ಬೈರಾಸಿನಲ್ಲಿ. ಒದ್ದೆ ಗಡ್ಡಕ್ಕೆ ಹೆಲ್ಮೆಟ್ಟಿನ ಪಟ್ಟಿ ಬಿಗಿದರೆ ಕಜ್ಜಿಗೆ ದಾರಿಯಾಗುತ್ತದೆ. ಮೈಸೋಪು ಚರ್ಮವನ್ನು ಒಣಗಿಸುವುದರಿಂದ ಗಡ್ಡಕ್ಕೆ ಅದನ್ನು ದಿನಾ ಉಜ್ಜಬೇಕಾಗಿಲ್ಲ. ತುರಿಕೆಯ ಜೊತೆಗೆ ಅಂಚು ಕೆಂಪಾದ ಉರುಟು ಕಲೆ ಕಂಡರೆ ಅದು ಹುಳುಕಡ್ಡಿ, ಮಲಯಾಳದವರ ವಟ್ಟಚ್ಚೊರಿ, ಆಗಿರಬಹುದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಹಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ಎರಡು ದಿನ ಅಡಗುತ್ತದೆ, ರೋಗ ಹರಡುತ್ತದೆ. ತುರಿಕೆಯೇ ಇಲ್ಲದೆ ನಾಣ್ಯದಷ್ಟು ಜಾಗದಲ್ಲಿ ಕೂದಲು ಉದುರಿ ನುಣುಪಾದರೆ ಅದು ಬೇರೆಯೇ ತೊಂದರೆ. ಅದಕ್ಕೂ ವೈದ್ಯರೇ ಬೇಕು.

ಮಾಲೆ ತೆಗೆದ ಬಳಿಕ ಗಡ್ಡ ಉಳಿಸುವ ಮನಸ್ಸಾದರೆ ಮೊದಲು ಕುತ್ತಿಗೆಯ ಕೂದಲು ತೆಗೆಸಬೇಕು. ಗಂಟಲಿನ ಉಬ್ಬಿನಿಂದ ಎರಡು ಬೆರಳು ಮೇಲಕ್ಕೆ ಗೆರೆ ಹಿಡಿದರೆ ಸಾಕು. ಒದ್ದೆಯಾದ ಕೂದಲು ಉದ್ದ ಕಾಣುವುದರಿಂದ ಒಣಗಿದ ಮೇಲೆಯೇ ಕತ್ತರಿಸಬೇಕು. ಪೂರ್ತಿ ತೆಗೆಸುವವರು ಮೊದಲು ಟ್ರಿಮ್ಮರಿನಲ್ಲಿ ಗಿಡ್ಡ ಮಾಡಿಸಿ, ಆಮೇಲೆ ಬ್ಲೇಡು ಹಾಕಿಸಿದರೆ ಚರ್ಮ ಕಿತ್ತು ಬರುವುದಿಲ್ಲ. ಯಾತ್ರೆ ಮುಗಿಸಿ ಬಂದವರೆಲ್ಲ ಒಂದೇ ವಾರ ಸೆಲೂನಿಗೆ ನುಗ್ಗುವಾಗ ಒಂದು ಮಾತು ನೆನಪಿರಲಿ: ಹೊಸ ಬ್ಲೇಡನ್ನು ಕಣ್ಣೆದುರೇ ಹಾಕಿಸಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ 7 ದಿನವಾದರೂ ಬದುಕಿರುತ್ತದೆ. ಗಾಯಕ್ಕೆ ತಿಕ್ಕುವ ಪಟಿಕ ರಕ್ತ ನಿಲ್ಲಿಸುತ್ತದೆಯೇ ಹೊರತು ಅದನ್ನು ಕೊಲ್ಲುವುದಿಲ್ಲ. ಒಬ್ಬರಿಗೆ ತಿಕ್ಕಿದ ಪಟಿಕದ ತುಂಡನ್ನೇ ಇನ್ನೊಬ್ಬರಿಗೆ ತಿಕ್ಕುವುದೂ ಸಲ್ಲದು.