ಗುಂಡಿಗೆ ಬಂದಷ್ಟನ್ನೇ ಕಳಿಸುತ್ತದೆ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದವು. ದಿಗಿಲುಬಿದ್ದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದಿತು. ದಿಗಿಲು ಇಳಿಯಿತು. ಗುಂಡಿಗೆಯ ಬಗ್ಗೆ ಬಾಯಿಂದ ಬಾಯಿಗೆ ಹೋಗುವ ಮಾತುಗಳು ಮಾತ್ರ ಹಾಗೇ ಇವೆ.

ಮೊದಲನೆಯದು, ‘ಗುಂಡಿಗೆ ಅಂದ್ರೆ ಮೋಟಾರು, ಎಷ್ಟು ರಕ್ತ ಹರಿಯಬೇಕು ಅನ್ನೋದನ್ನ ಅದೇ ತೀರ್ಮಾನಿಸುತ್ತೆ’ ಎಂಬುದು. ಸಕಲೇಶಪುರದ ಕಾಫಿ ಬೆಳೆಗಾರರು ಇದನ್ನು ನಂಬಬಾರದು. ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುವ ಬೇಸಿಗೆಯಲ್ಲಿ ಕೆರೆ ತಳ ಕಂಡಿದ್ದರೆ, ಐದು ಎಚ್‌.ಪಿ. ಮೋಟಾರು ತೆಗೆದು ಹತ್ತರದ್ದು ಕೂರಿಸಿದರೂ ನೀರು ಹೆಚ್ಚುವುದಿಲ್ಲ. ಗುಂಡಿಗೆಯೂ ಹಾಗೆಯೇ: ಬಂದಷ್ಟನ್ನು ಕಳಿಸುತ್ತದೆ. ಸುಮ್ಮನೆ ಕೂತವರಲ್ಲಿ ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ 5 ಲೀಟರ್‌ನಷ್ಟು ಹೋಗುತ್ತದೆ, ಅಷ್ಟೇ ಹಿಂದಿರುಗುತ್ತದೆ.

ಮೋಟಾರಿಗಿಲ್ಲದ ಒಂದು ಜಾಣ್ಮೆ ಮಾತ್ರ ಅದಕ್ಕಿದೆ. ಹೆಚ್ಚು ರಕ್ತ ತುಂಬಿದರೆ ಅದರ ಗೋಡೆ ಹಿಗ್ಗುತ್ತದೆ. ಹಿಗ್ಗಿದ ಸ್ನಾಯು ಮರುಬಡಿತದಲ್ಲಿ ಇನ್ನಷ್ಟು ಬಿರುಸಾಗಿ ಹಿಂಡುತ್ತದೆ. ಜರ್ಮನಿಯ ಆಟೊ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದಲ್ಲಿ, ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ 1914ರ ಸುಮಾರಿಗೆ ನಾಯಿಯ ಹೃದಯದಲ್ಲಿ ಇದನ್ನು ತೋರಿಸಿದರು. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ನರಗಳು ಕತ್ತರಿಸಿಹೋದ ಕಸಿ ಹೃದಯವೂ ಬಂದ ರಕ್ತಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ.

‘ಎಡಭಾಗಕ್ಕೆ ಶಕ್ತಿ ಹೆಚ್ಚು, ಹಾಗಾಗಿ ಹೆಚ್ಚು ರಕ್ತ ತಳ್ಳುತ್ತೆ’ ಎನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ಎಡಭಾಗದ ಒತ್ತಡ ಹೆಚ್ಚು, ನಿಜ. ರಕ್ತದ ಪ್ರಮಾಣ ಮಾತ್ರ ಎರಡೂ ಕಡೆ ಒಂದೇ. ಶ್ವಾಸಕೋಶಕ್ಕೆ ಕಳಿಸುವ ಬಲಭಾಗ ಬಡಿತಕ್ಕೆ ಒಂದೇ ಒಂದು ಮಿ.ಲೀ. ಹೆಚ್ಚು ಕಳಿಸುತ್ತ ಹೋದರೆ ಹತ್ತು ನಿಮಿಷಕ್ಕೆ 700 ಮಿ.ಲೀ. ಶ್ವಾಸಕೋಶದಲ್ಲೇ ಉಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಇರುವುದೇ ಅರ್ಧ ಲೀಟರ್. ಆಲೂರಿನಿಂದ ಸಕಲೇಶಪುರ ತಲುಪುವ ಮೊದಲೇ ಪ್ರಾಣಕ್ಕೆ ಬಂದೀತು! ಹಾಗಾಗದಿರುವುದು ಆ ಹಿಗ್ಗುವ ಗುಣದಿಂದ. ಹೆಚ್ಚು ಬಂದ ಕೂಡಲೇ ಎಡಭಾಗವೂ ಹಿಗ್ಗಿ, ಕೆಲವೇ ಬಡಿತಗಳಲ್ಲಿ ಲೆಕ್ಕ ಸರಿಮಾಡುತ್ತದೆ.

ಕಾಲಿನ ರಕ್ತವನ್ನು ಗುಂಡಿಗೆಯೇ ಮೇಲಕ್ಕೆ ಎಳೆದುಕೊಳ್ಳುತ್ತದೆಂಬುದೂ ಪೂರ್ತಿ ನಿಜವಲ್ಲ. ಹೆಚ್ಚಿನ ಕೆಲಸ ಮೀನಖಂಡದ್ದು. ಹೆಜ್ಜೆ ಇಟ್ಟಾಗಲೆಲ್ಲ ಅದು ಅಭಿಧಮನಿಗಳನ್ನು ಹಿಂಡುತ್ತದೆ. ಒಳಗಿನ ಕವಾಟಗಳು, ನಮ್ಮ ಪಂಪಿನ ಫುಟ್‌ವಾಲ್ವ್‌ನಂತೆ, ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು ಅದೂ ನೆರವಾಗುತ್ತದೆ. ಇಳಿಜಾರಿನಲ್ಲಿ ದಿನವಿಡೀ ಓಡಾಡಿ ಕಾಫಿ ಹಣ್ಣು ಕೀಳುವ ಹೆಂಗಸಿಗಿಂತ, ಅಲುಗದೆ ನಿಂತ ಕಾವಲುಗಾರನಿಗೆ ತಲೆಸುತ್ತು ಬರುವ ಸಂಭವ ಹೆಚ್ಚು. ಧ್ವಜಾರೋಹಣದ ಬಿಸಿಲಲ್ಲಿ ಕುಸಿಯುವ ಹುಡುಗನ ಗುಂಡಿಗೆಯೂ ಸಾಮಾನ್ಯವಾಗಿ ದುರ್ಬಲವಲ್ಲ. ರಕ್ತ ಕಾಲಿನಲ್ಲೇ ನಿಂತಿರುತ್ತದೆ. ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತೇವಲ್ಲ, ಅದು ತಪ್ಪು. ಮಲಗಿಸಿ, ಕಾಲು ಮೇಲೆತ್ತಿ ಹಿಡಿಯಬೇಕು.

ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತುವಾಗ ಎದೆ ಡಬಡಬ ಎನ್ನುತ್ತದೆ. ಬಡಿತ ಏರಿದ್ದರಿಂದಲೇ ಹರಿವು ಏರಿತು ಎಂದುಕೊಳ್ಳಬೇಡಿ. ದುಡಿಯುವ ಸ್ನಾಯುಗಳ ರಕ್ತನಾಳಗಳು ತೆರೆದುಕೊಂಡು, ಅಭಿಧಮನಿಗಳು ಬಿಗಿದು, ಮೀನಖಂಡ ಹಿಂಡಿ ಹಿಂದಿರುಗುವ ರಕ್ತ ಹೆಚ್ಚಿದ್ದರಿಂದಲೇ ಆ ಬಡಿತಕ್ಕೆ ಫಲ. ಕೂತಲ್ಲೇ ಯಂತ್ರದಿಂದ ಬಡಿತವನ್ನಷ್ಟೇ ಏರಿಸಿದರೆ ಒಂದೊಂದು ಬಡಿತಕ್ಕೂ ಸಿಗುವ ರಕ್ತ ಕಡಿಮೆಯಾಗಿ, ಒಟ್ಟು ಹರಿವು ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ.

ಕೊನೆಯದು ‘ಹಾರ್ಟ್ ಫೇಲ್’. ಹಾಗೆಂದರೆ ಗುಂಡಿಗೆ ನಿಂತುಹೋಯಿತೆಂದಲ್ಲ, ಬಂದದ್ದನ್ನು ಸಾಗಿಸಲು ಅದು ಸೋಲುತ್ತಿದೆ ಎಂದು. ಮಳೆಗಾಲದಲ್ಲಿ ಅಜ್ಜನಿಗೆ ಪಾದ ಊದಿ, ಮಲಗಿದರೆ ಉಸಿರು ಕಟ್ಟಿ, ಮೂರು ದಿಂಬು ಬೇಕಾದರೆ ಮನೆಯವರು ಥಂಡಿ ಎಂದು ಕಷಾಯ ಕೊಡುತ್ತಾರೆ. ಮಲಗಿದಾಗ ಕಾಲಿನ ರಕ್ತ ಎದೆಗೆ ಬರುತ್ತದೆ. ಸೋತ ಎಡಭಾಗ ಅದನ್ನು ಮುಂದೆ ಕಳಿಸಲಾರದೆ ಶ್ವಾಸಕೋಶದಲ್ಲಿ ನೀರು ಕಟ್ಟುತ್ತದೆ. ಕಷಾಯ ಕುಡಿಸಿ ಬೆಳಗಾಗಲೆಂದು ಕಾಯದೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಜೀಪಿನಲ್ಲೂ ಮಲಗಿಸದೆ ಕೂರಿಸಿಕೊಂಡೇ.