ಐದಕ್ಕೆ ಐದು, ಅಂತರ ಮಾತ್ರ 722

2023ರ ವಿಧಾನಸಭಾ ಚುನಾವಣೆಯಲ್ಲಿ ಮೂಡಿಗೆರೆ ಮೀಸಲು ಕ್ಷೇತ್ರದಿಂದ ಕಾಂಗ್ರೆಸ್ಸಿನ ನಯನಾ ಮೋಟಮ್ಮ ಗೆದ್ದದ್ದು 722 ಮತಗಳಿಂದ. ಅವರಿಗೂ ಬಿಜೆಪಿಯ ದೀಪಕ್ ದೊಡ್ಡಯ್ಯ ಅವರಿಗೂ ಸಿಕ್ಕಿದ್ದು 50 ಸಾವಿರ ಚಿಲ್ಲರೆ. ಬಿಜೆಪಿ ಟಿಕೆಟ್ ತಪ್ಪಿ ಜೆಡಿಎಸ್ ಸೇರಿದ್ದ ಎಂ.ಪಿ. ಕುಮಾರಸ್ವಾಮಿ ಅವರಿಗೆ 26 ಸಾವಿರ. ನಿಮ್ಮವರು ಸೋತರೆ ಆಮೇಲೆ ಯಾರಾಗಬಹುದು ಎಂದು ಆ 26 ಸಾವಿರ ಜನರನ್ನು ಯಾರೂ ಕೇಳಲಿಲ್ಲ.

ಪಕ್ಕದ ಶೃಂಗೇರಿಯಲ್ಲಿ ಅಂತರ ಇನ್ನೂ ಕಡಿಮೆ, 201. ಆದರೂ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಆಗ ಕಾಂಗ್ರೆಸ್ ಪಾಲಾದವು. 2018ರಲ್ಲಿ ಐದರಲ್ಲಿ ನಾಲ್ಕು ಬಿಜೆಪಿಗೆ ಹೋಗಿದ್ದವು. ಜನ ಅಷ್ಟು ಬದಲಾದರೆಂದಲ್ಲ. ಒಂದು ಮತ ಹೆಚ್ಚು ಬಿದ್ದವರಿಗೆ ಪೂರ್ತಿ ಸೀಟು, ಉಳಿದವರಿಗೆ ಸೊನ್ನೆ ಎಂಬ ನಿಯಮದ ಮಹಿಮೆ ಇದು. ಅದೇ 2018ರಲ್ಲಿ ರಾಜ್ಯದಲ್ಲಿ ಶೇ 38 ಮತ ಪಡೆದ ಕಾಂಗ್ರೆಸ್ಸಿಗಿಂತ ಶೇ 36ರ ಬಿಜೆಪಿಗೆ ಇಪ್ಪತ್ತಕ್ಕೂ ಹೆಚ್ಚು ಸೀಟು ಜಾಸ್ತಿ ಬಂದಿದ್ದವು.

ಬೇರೆ ಪದ್ಧತಿ ನೋಡಲು ದೂರ ಹೋಗಬೇಕಿಲ್ಲ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಗ್ರಾಮ ಪಂಚಾಯಿತಿ ಸದಸ್ಯರಿಗೆ ಅದು ಗೊತ್ತು. ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ನಡೆಯುವ ಚುನಾವಣೆಯಲ್ಲಿ ಅವರು ಮತಗಟ್ಟೆಯವರು ಕೊಟ್ಟ ನೇರಳೆ ಪೆನ್ನಿನಿಂದಲೇ ಹೆಸರಿನ ಮುಂದೆ 1, 2, 3 ಎಂದು ಬರೆಯಬೇಕು. ಟಿಕ್ ಹಾಕಿದರೆ, ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಮತ ಕುಲಗೆಟ್ಟಿತು. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಎರಡನೇ ಪ್ರಾಶಸ್ತ್ಯ ಎಣಿಸುತ್ತಾರೆ. 2021ರಲ್ಲಿ ಎಂ.ಕೆ. ಪ್ರಾಣೇಶ್ ನಮ್ಮ ಜಿಲ್ಲೆಯ ಈ ಚುನಾವಣೆಯಲ್ಲಿ 6 ಮತದಿಂದ ಗೆದ್ದರು, ವ್ಯಾಜ್ಯ ಕೋರ್ಟಿಗೂ ಹೋಯಿತು. ಯಾವ ಪದ್ಧತಿಯೂ ಜಗಳ ತಪ್ಪಿಸುವುದಿಲ್ಲ ಬಿಡಿ.

ಇರುವುದೇ ಒಂದು ಸೀಟಾದರೆ ಪ್ರಾಶಸ್ತ್ಯದಿಂದಲೂ ಸೋತವರಿಗೆ ಪಾಲು ಸಿಗದು. ಐರ್ಲೆಂಡಿನಲ್ಲೂ ಪ್ರಾಶಸ್ತ್ಯದ ಮತವೇ, ಆದರೆ ಒಂದೊಂದು ಕ್ಷೇತ್ರಕ್ಕೆ 3ರಿಂದ 5 ಸದಸ್ಯರು. ನಮ್ಮ ಜಿಲ್ಲೆಯನ್ನೇ ಐದು ಸೀಟಿನ ಒಂದು ಕ್ಷೇತ್ರ ಎಂದುಕೊಳ್ಳಿ: ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮತ ದಕ್ಕಿಸಿಕೊಂಡವರು ಗೆದ್ದಂತೆ. ಐದನ್ನೂ ಬಾಚಲು ಆರರಲ್ಲಿ ಐದು ಪಾಲು ಮತ ಬೇಕು.

ವಿಚಿತ್ರವೆಂದರೆ, ಒಂದಕ್ಕಿಂತ ಹೆಚ್ಚು ಸದಸ್ಯರ ಕ್ಷೇತ್ರಗಳು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಈಗಲೇ ಇವೆ. ಆದರೆ ಮೂರು ಸ್ಥಾನವಿದ್ದಲ್ಲಿ ಮತದಾರನಿಗೂ ಮೂರು ಮತ. ಒಂದು ಗುಂಪು ಒಗ್ಗಟ್ಟಾದರೆ ಮೂರೂ ಅದಕ್ಕೇ. ಮೀಸಲಾತಿ ಇದೆಯೆಂದೇ ದಲಿತ ಕಾಲೊನಿಯವರಿಗೆ ಜಾಗ ಸಿಗುತ್ತದೆ. ಅಲ್ಲೂ ಕಾಲೊನಿಯ ಯಾರು ಗೆಲ್ಲಬೇಕೆಂಬುದನ್ನು ತೀರ್ಮಾನಿಸುವುದು ಬಹುಸಂಖ್ಯಾತರೇ.

ಸಂವಿಧಾನ ಸಭೆಯಲ್ಲಿ, ಮತಕ್ಕೆ ತಕ್ಕಷ್ಟು ಸೀಟು ಕೊಡುವ ಇಂಥ ಅನುಪಾತ ಪದ್ಧತಿಯ ಬೇಡಿಕೆ ಬಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಅಂಕಿಯನ್ನಾದರೂ ಗುರುತಿಸುವಷ್ಟು ಅಕ್ಷರಜ್ಞಾನ ಜನರಿಗಿಲ್ಲ, ಸರ್ಕಾರ ಸ್ಥಿರವಾಗಿರದು ಎಂಬುದು ಅವರ ವಾದ. ಎರಡನೆಯದು ಇಂದಿಗೂ ತೂಕದ ಮಾತು, ಮೊದಲನೆಯದು ಅಲ್ಲ. 1999ರಲ್ಲಿ ಕಾನೂನು ಆಯೋಗ ಲೋಕಸಭೆಗೆ ಶೇ 25 ಹೆಚ್ಚುವರಿ ಸ್ಥಾನ ಸೇರಿಸಿ ಪಕ್ಷಗಳ ಪಟ್ಟಿಯಿಂದ ತುಂಬಿ ಎಂದಿತು. ಗೆದ್ದು ಕೂತವರಿಗೆ ಅದು ಬೇಕಿರಲಿಲ್ಲ. ಗ್ರಾಮ ಪಂಚಾಯಿತಿಯ ಮತಪತ್ರ ಬದಲಿಸಲು ಮಾತ್ರ ದೆಹಲಿಯ ಹಂಗಿಲ್ಲ, 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ರಾಜ್ಯದ ವಿಧಾನಮಂಡಲವೇ ತಿದ್ದಬಹುದು.