ಕೆಂಪು ಹಾಸಿನ ರೈಲು

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಸಂಜೆಯಾಗುತ್ತಲೇ ಪ್ಲಾಟ್‌ಫಾರಮ್ಮಿನ ಮೇಲೆ ಕೆಂಪು ರತ್ನಗಂಬಳಿಯನ್ನು ಹಾಸುತ್ತಿದ್ದರು. ಯಾರೋ ಅರಸನ ಸ್ವಾಗತಕ್ಕೆಂದು ತಿಳಿಯಬೇಡಿ. ಷಿಕಾಗೋಗೆ ಹೊರಡುವ ‘ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್’ ರೈಲಿನ ಪ್ರಯಾಣಿಕರಿಗೆ ಸಲ್ಲುತ್ತಿದ್ದ ಮರ್ಯಾದೆಯದು. 1902ರಲ್ಲಿ ಸುಮಾರು 960 ಮೈಲಿಗಳ ಆ ಹಾದಿಗೆ 20 ಗಂಟೆ ಹಿಡಿಯುತ್ತಿತ್ತು. 1938ರಲ್ಲಿ 16 ಗಂಟೆ ಸಾಕಾಯಿತು. ಅದೇ ವರ್ಷ ಹೆನ್ರಿ ಡ್ರೈಫಸ್ ಎಂಬ ವಿನ್ಯಾಸಕಾರನು ಅದರ ‘ಹಡ್ಸನ್’ ಉಗಿಯಂತ್ರಕ್ಕೆ ಗಾಳಿಯನ್ನು ಸೀಳುವಂತಹ ನುಣುಪಾದ ಕವಚವನ್ನು ತೊಡಿಸಿದನು.

ಮುಂದೆ ಡೀಸೆಲ್ ಬಂದಿತು. ಆ ಕಂಪೆನಿಯ 275 ಹಡ್ಸನ್‌ಗಳಲ್ಲಿ ನೋಡಲೆಂದು ಒಂದಾದರೂ ಉಳಿಯಲಿಲ್ಲ. ಎಲ್ಲವೂ ಗುಜರಿಯ ಪಾಲಾದವು. ವಿಮಾನವೂ ಹೆದ್ದಾರಿಯೂ ಪ್ರಯಾಣಿಕರನ್ನು ಸೆಳೆದುಕೊಂಡವು. 1967ರ ಡಿಸೆಂಬರಿನಲ್ಲಿ ಕಡೆಯ ಪ್ರಯಾಣ. ದಾರಿಯಲ್ಲಿ ಗೂಡ್ಸ್ ಗಾಡಿಯೊಂದು ಹಳಿತಪ್ಪಿತ್ತು. ವೇಗಕ್ಕೆ ಹೆಸರಾದ ರೈಲು ಅಂದು ಷಿಕಾಗೋ ಸೇರಿದ್ದು 9 ಗಂಟೆಗೂ ಮಿಕ್ಕು ತಡವಾಗಿ.